ಕೆಂಪರಾಜು ಬೇಡ ಎನ್ನುವ ಕಾರ್ಡು

ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದ ಎದುರು ಬೆಳಗಿನ ಆರು ಗಂಟೆ. ಕೆಂಪರಾಜು ಲ್ಯಾಮಿನೇಷನ್ ಯಂತ್ರದ ಪ್ಲಗ್ ಹಾಕಿ, ಅದು ಕಾಯುವವರೆಗೆ ಪಕ್ಕದ ಗಾಡಿಯಲ್ಲಿ ಟೀ ಕುಡಿಯುತ್ತಾರೆ. "ಮಿಷಿನ್ ಬಿಸಿ ಆಗೋಷ್ಟರಲ್ಲಿ ನಾನೂ ಬಿಸಿ ಆಗ್ಬೇಕಲ್ಲ ಸಾರ್" ಎಂದು ನಗುತ್ತಾರೆ. ಆಮೇಲೆ ಹಳೆಯ ಬಸ್ ಟಿಕೆಟ್ ಒಂದನ್ನು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಒಳಗೆ ಬಿಡುತ್ತಾರೆ. ಅದು ಗುಳ್ಳೆಯಿಲ್ಲದೆ ಹೊರಬಂದರೆ ಅಂಗಡಿ ತೆರೆದಂತೆ.

ಐವತ್ತರ ಆಸುಪಾಸಿನ ಕೆಂಪರಾಜು ಅವರ ಮನೆ ತಿಲಕ್ ನಗರದಲ್ಲಿ. ಹನ್ನೊಂದು ವರ್ಷ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರು. ಕಂಪ್ಯೂಟರ್ ಬಂತು, ಪ್ರೆಸ್ಸು ಮುಚ್ಚಿತು. ಹದಿಮೂರು ವರ್ಷದ ಹಿಂದೆ, 1993ರಲ್ಲಿ, ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ಕೊಂಡು ಈ ಫುಟ್‌ಪಾತಿಗೆ ಬಂದರು. ದಿನಕ್ಕೆ ಅರವತ್ತು ಕಾರ್ಡು, ಕಾಲೇಜು ಶುರುವಾಗುವ ವಾರಗಳಲ್ಲಿ ಇನ್ನೂರು. "ಕರೆಂಟ್ ಹೋದ್ರೆ ಮಾತ್ರ ಜೀವ ಬಾಯಿಗೆ ಬರತ್ತೆ. ಯಾರದೋ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಅರ್ಧ ಒಳಗೆ, ಅರ್ಧ ಆಚೆ!" ಹಾಗೆ ಸಿಕ್ಕಿಕೊಂಡದ್ದನ್ನು ಎಳೆದೂ ಎಳೆದೂ ಅವರ ಬೆರಳ ತುದಿಗಳು ಸುಟ್ಟು ನುಣ್ಣಗಾಗಿವೆ.

ಇವರ ಮೇಲೆ ನನಗೊಂದು ಹಳೆಯ ಸಿಟ್ಟಿತ್ತು, ಮುಚ್ಚಿಡುವುದೇಕೆ! ನಾಲ್ಕು ವರ್ಷದ ಹಿಂದೆ ನಾನು ಇಂಗ್ಲೆಂಡಿನಲ್ಲಿ ಓದುತ್ತಿದ್ದೆ. ಕಾಲೇಜಿನವರು ಒಂದು ಸ್ಮಾರ್ಟ್ ಕಾರ್ಡ್ ಕೊಟ್ಟಿದ್ದರು, ಅದರ ಮೂಲೆಯಲ್ಲಿ ಹೊನ್ನಿನ ಬಣ್ಣದ ಪುಟ್ಟ ಚಿಪ್. ಹಾಸ್ಟೆಲ್ ಬಾಗಿಲು, ಲೈಬ್ರರಿ, ಊಟ, ಬಟ್ಟೆ ಒಗೆಯುವ ಯಂತ್ರ, ಎಲ್ಲಕ್ಕೂ ಅದನ್ನೇ ತೂರಿಸಬೇಕು. ರಜೆಗೆ ಬನಶಂಕರಿಯ ಮನೆಗೆ ಬಂದಾಗ ಅದರ ಮಹಿಮೆಯನ್ನು ಕೊಚ್ಚಿಕೊಂಡೆ. ಅಮ್ಮ ಹೌಹಾರಿದಳು: "ಅಷ್ಟೆಲ್ಲಾ ಮಾಡೋ ಕಾರ್ಡ್‌ಗೆ ಲ್ಯಾಮಿನೇಷನ್ ಇಲ್ವಾ? ನೀರು ಗೀರು ಬಿದ್ರೆ ಏನೋ ಗತಿ?" ಕಾಗದ ಕಂಡರೆ ಲ್ಯಾಮಿನೇಷನ್ ಮಾಡಿಸುವ ಮನೆ ನಮ್ಮದು. ಕೆಂಪರಾಜು ಬಲು ಅಚ್ಚುಕಟ್ಟಾಗಿ ಮಾಡಿಕೊಟ್ಟರು.

ಹಿಂತಿರುಗಿದ ದಿನ ಹಿಮ ಬೀಳುತ್ತಿತ್ತು. ದಪ್ಪಗಾದ ಕಾರ್ಡು ಹಾಸ್ಟೆಲ್ ಬಾಗಿಲಿನ ಸಂದಿಯೊಳಗೆ ಹೋಗಲೇ ಇಲ್ಲ. ಪ್ಲಾಸ್ಟಿಕ್ ಕಿತ್ತರೆ ಜೊತೆಗೆ ಚಿಪ್ಪೂ ಕಿತ್ತು ಬಂತು. ಕಾರ್ಡು ಗೊಟಕ್! ಎರಡು ಗಂಟೆ ಸೂಟ್‌ಕೇಸ್ ಮೇಲೆ ಕೂತು, ಗಡಗಡ ನಡುಗುತ್ತ ಕೆಂಪರಾಜು ಅವರನ್ನು ಮನಸಾರೆ ಬೈದೆ.

ಮುಂದಿನ ರಜೆಯಲ್ಲಿ ಜಗಳ ಆಡಲೆಂದೇ ಸತ್ತ ಕಾರ್ಡು ಹಿಡಿದು ಹೋದೆ. ಅವರು ವಾದಿಸಲಿಲ್ಲ. "ಎಷ್ಟೊತ್ತು ಆಚೆ ಇದ್ರಿ ಸಾರ್?" ಎಂದಷ್ಟೇ ಕೇಳಿದರು. ನನ್ನ ಸಿಟ್ಟು ಜರ್ರನೆ ಇಳಿಯಿತು. ಆ ಕಾರ್ಡನ್ನು ಅವರು ಕೇಳಿ ಪಡೆದು ಮೇಜಿಗೆ ಅಂಟಿಸಿಕೊಂಡಿದ್ದಾರೆ. ಅಂಥದ್ದು ಬಂದರೆ ಗಿರಾಕಿಗೆ ಇದನ್ನೇ ತೋರಿಸಿ, "ಇದಕ್ಕೆ ಬೇಡ, ದಪ್ಪ ಆದ್ರೆ ಸಂದೀಲಿ ಹೋಗಲ್ಲ, ಕಿತ್ರೆ ಸತ್ಹೋಗತ್ತೆ" ಅನ್ನುತ್ತಾರೆ.

ಹೋದ ತಿಂಗಳು ಪದ್ಮನಾಭನಗರದ ಕಾತ್ಯಾಯಿನಿ ತಮ್ಮ ಮಗಳು ಶೈಲಶ್ರೀಯ ಅಂಥದ್ದೇ ಚಿಪ್ ಕಾರ್ಡ್ ತಂದಿದ್ದರು. ಜರ್ಮನಿಯಲ್ಲಿ ಓದುವ ಹುಡುಗಿ, ಮಾರನೆಯ ದಿನವೇ ವಿಮಾನ. ಬೇಡವೆಂದರೂ ತಾಯಿ ಬಿಡಲೊಲ್ಲರು: "ಮಾಡಕ್ ಬರಲ್ಲ ಅಂತ ಹೇಳ್ಬಿಡಿ, ಬೇರೆ ಕಡೆ ಮಾಡಿಸ್ಕೋತೀನಿ." ಈ ಹದಿಮೂರು ವರ್ಷದಲ್ಲಿ ಯಾರೂ ಅನ್ನದ ಮಾತು, ಕೆಂಪರಾಜುಗೆ ಚುರುಕ್ಕೆಂದಿತು. "ಹೌದಮ್ಮ, ನಂಗೆ ಬರಲ್ಲ. ಯಾರಿಗೂ ಬರಲ್ಲ. ದಯವಿಟ್ಟು ಎಲ್ಲೂ ಮಾಡಿಸ್ಬೇಡಿ" ಎಂದು ಕೈಮುಗಿದರಂತೆ. ಆಕೆ ಗೊಣಗುತ್ತ ಹೊರಟುಹೋದರು. ಪಕ್ಕದ ರಸ್ತೆಯಲ್ಲೇ ಇನ್ನೆರಡು ಲ್ಯಾಮಿನೇಷನ್ ಅಂಗಡಿಗಳಿವೆ. ಅಂದಿನಿಂದ ಇವರಿಗೆ ಒಂದೇ ತಳಮಳ, ಆ ಹುಡುಗಿಯೂ ಹೊರಗೆ ನಿಂತಳೋ ಏನೋ ಎಂದು.

ಪೇಪರಿಗೆಂದು ನಾನು ಇದನ್ನೆಲ್ಲ ಬರೆದುಕೊಳ್ಳುತ್ತಿರುವಾಗಲೇ ಕಾತ್ಯಾಯಿನಿ ತರಕಾರಿ ಚೀಲ ಹಿಡಿದು ಆ ದಾರಿಯಲ್ಲಿ ಬರುತ್ತಾರೆ. ಕೆಂಪರಾಜು ದಡಕ್ಕನೆ ಏಳುತ್ತಾರೆ. "ಅಮ್ಮಾ, ಆ ಕಾರ್ಡು?"

"ನೀವು ಹಂಗೆ ಕೈಮುಗಿದ್ಮೇಲೆ ಹೇಗ್ರೀ ಮಾಡಿಸ್ಲಿ? ಹಾಗೇ ಕೊಟ್ಟು ಕಳಿಸ್ದೆ. ಬಾಗ್ಲು ತೆಗೀತಂತೆ, ಫೋನ್ ಮಾಡಿದ್ಲು."

ಕೆಂಪರಾಜು ಮುಖ ಅರಳುತ್ತದೆ. ನನ್ನ ನೋಟ್‌ಬುಕ್ಕಿನತ್ತ ಬೆರಳು ತೋರಿಸುತ್ತಾರೆ.

"ಮಗು ಒಳಗೆ ಹೋಯ್ತಂತೆ ಸಾರ್. ಪೇಪರ್‌ಗೆ ಅದನ್ನ ಬರ್ಕೊಳಿ."