ನಮ್ಮವರು ತಪ್ಪು ವೈರು ಕತ್ತರಿಸಿದ ಶುಕ್ರವಾರ

ನನ್ನ ಬಟ್ಟೆ ಒಣಹಾಕುವ ತಂತಿಯ ಮೇಲೆ ಕ್ಲಿಪ್ಪು ಯಾವತ್ತೂ ಲೆಕ್ಕಕ್ಕೆ ಸಿಕ್ಕಿದ್ದಿಲ್ಲ. ಇವತ್ತು ಎರಡು ಡಜನ್ ತಂದರೆ ಮುಂದಿನ ವಾರಕ್ಕೆ ಅರ್ಧ ಮಾಯ. ಗಾಳಿಗೆ ಹಾರಿ ಹೋಗುವುದಲ್ಲ, ಪಕ್ಕದ ಮನೆಯವರು ಕದಿಯುವುದೂ ಅಲ್ಲ. ಕಳ್ಳ ನಮ್ಮ ಮನೆಯಲ್ಲೇ ಇದ್ದಾನೆ. ನನ್ನ ಗಂಡ, ಸ್ಪಾಸೆ.

ಹುಟ್ಟೂರು ಬಿಟ್ಟು ಸಮುದ್ರ ದಾಟಿ ಬಂದ ನಮ್ಮ ಜನ ನೆಲೆ ನಿಂತ ಈ ಕ್ರಿಂಗಿಲಾ ಗುಡ್ಡದ ಮೇಲಿನ ಅರ್ಧ ಮನೆಗಳಿಗೆ ವೈರು ಎಳೆದವರು ನಮ್ಮವರೇ. ಮೂವತ್ತೆಂಟು ವರ್ಷದಿಂದ ಅದೇ ಕೆಲಸ. ಯಾರದಾದರೂ ಮನೆಯಲ್ಲಿ ಕಳ್ಳರ ಅಲಾರ್ಮ್ ಮೊದಲೇ ಇದ್ದರೆ, ಅವರು ಸೂರಿನೊಳಗೆ ತೂರಿಕೊಂಡು ಮೊದಲು ಮಾಡುವ ಕೆಲಸ ಎಂದರೆ ಆ ಅಲಾರ್ಮಿನ ಸಣ್ಣ ವೈರುಗಳನ್ನೆಲ್ಲ ಹುಡುಕಿ ಒಂದೊಂದಕ್ಕೂ ನನ್ನ ಕ್ಲಿಪ್ಪು ಕಚ್ಚಿಸುವುದು. ಕ್ಲಿಪ್ಪು ಇದ್ದರೆ ಅದು ಬೇರೆಯವನ ವೈರು, ಮುಟ್ಟಬಾರದು ಅಂತ. "ಇನ್ನೊಬ್ಬ ಎಳೆದ ವೈರು ಅಂದ್ರೆ ಇನ್ನೊಬ್ಬರ ಸಂಸಾರ ಕಣೇ ಮೆಂಕಾ. ಪಕ್ಕದಲ್ಲಿ ನಮ್ಮ ಕೆಲಸ ನೋಡ್ಕೊಂಡು ಬರ್ಬೇಕು, ಒಳಗೆ ಕೈ ಹಾಕ್ಬಾರ್ದು" ಅನ್ನುತ್ತಾರೆ. ಕೆಲಸ ಮುಗಿದ ಮೇಲೆ ಕ್ಲಿಪ್ಪು ಬಿಚ್ಚಿ ತರಬೇಕು ಅನ್ನುವುದು ಮಾತ್ರ ಆ ತಲೆಗೆ ಹೊಳೆಯುವುದೇ ಇಲ್ಲ! ನನ್ನ ಕ್ಲಿಪ್ಪುಗಳು ಊರವರ ಸೂರಿನಲ್ಲೆಲ್ಲ ನೇತಾಡುತ್ತಿವೆ.

ಆದರೂ ಒಂದು ಮಾತು ಒಪ್ಪಬೇಕು. ಮೂವತ್ತೆಂಟು ವರ್ಷದಲ್ಲಿ ಅವರು ಒಂದೇ ಒಂದು ಸಲವೂ ಬೇರೆಯವರ ಮನೆ ಅಲಾರ್ಮ್ ಕೂಗಿಸಿದವರಲ್ಲ. ತನ್ನ ಕಾಲುಚೀಲ ತಾನೇ ಹುಡುಕಲು ಬಾರದ ಮನುಷ್ಯನಿಗೆ ಇದ್ದ ಹೆಮ್ಮೆ ಅದೊಂದೇ.

ಈಗ ಡೋಸ್ತಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಿಂದ ಮೇಲಕ್ಕೆ ಮೂರನೇ ಮನೆ. ಎಪ್ಪತ್ತೆಂಟು ವರ್ಷ, ಮಂಡಿ ನೋವು, ನಾಲಿಗೆ ಮಾತ್ರ ಹದಿನೆಂಟರದ್ದು. ನಮ್ಮ ಜನರೆಲ್ಲರ ಹಾಗೆ ಅವಳದೂ ಮೇಲ್ಮನೆ ನೆಂಟರಿಗೆ, ಕೆಳಗಿನ ಗ್ಯಾರೇಜು ತನಗೆ. ಮೇಲೆ ಗಾಜಿನ ಮೇಜು, ಪ್ಲಾಸ್ಟಿಕ್ ಹೊದಿಸಿದ ಸೋಫಾ, ಚಿನ್ನದ ಅಂಚಿನ ಕಾಫಿ ಬಟ್ಟಲು. ಕೆಳಗೆ ಒಲೆ, ಹಳೇ ಟಿವಿ, ಊಟ, ಜಗಳ, ನಗು ಎಲ್ಲ. ನಮ್ಮನೆಯೂ ಹಾಗೇ, ನಗಬೇಡಿ.

ಮೇಲ್ಮನೆಗೆ ಅಲಾರ್ಮ್ ಹಾಕಿಸಿದವನು ಅವಳ ಗಂಡ ನಾವುಮ್. ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದ ದಿನವೇ ಹಾಕಿಸಿದ. ಮೆಟ್ಟಿಲ ಬುಡದಲ್ಲಿ ಗೋಡೆಗೆ ಅದರ ಗುಂಡಿಗಳ ಡಬ್ಬಿ. ಅಲ್ಲಿ ನಂಬರು ಒತ್ತುವಾಗ ಅಂಗೈ ಅಡ್ಡ ಹಿಡಿದುಕೊಳ್ಳುತ್ತಿದ್ದ. ಯಾರಿಗೆ ಅಡ್ಡ? ಕಟ್ಟಿಕೊಂಡ ಹೆಂಡತಿಗೆ! "ಹೆಂಗಸರ ಬಾಯಲ್ಲಿ ನಂಬರು ನಿಲ್ಲಲ್ಲ" ಅನ್ನುತ್ತಿದ್ದ ಪುಣ್ಯಾತ್ಮ. ಒಂದು ಬೆಳಿಗ್ಗೆ ಬ್ರೆಡ್ ತರಲು ಹೋದವನು ಅಂಗಡಿ ಬಾಗಿಲಲ್ಲೇ ಕುಸಿದು ಹೋಗಿಬಿಟ್ಟ. ನಂಬರೂ ಅವನ ಜೊತೆಗೇ ಹೋಯಿತು.

ಅವನ ನಲವತ್ತನೇ ದಿನದ ತಿಥಿಯೂಟ ಮುಗಿದು ಎಲ್ಲರೂ ಹೊರಟ ಮೇಲೆ ಡೋಸ್ತಮ್ಮ ಗಂಡ ದಿನಾ ಮಾಡುತ್ತಿದ್ದ ಹಾಗೆ ಡಬ್ಬಿಯ ದೊಡ್ಡ ಗುಂಡಿ ಒತ್ತಿದಳು. ಕೆಂಪು ದೀಪ ಹತ್ತಿತು. ಬೀಗ ಬೀಳಲು ಒಂದು ಗುಂಡಿ ಸಾಕು, ತೆಗೆಯಲು ನಂಬರು ಬೇಕು ಅನ್ನುವುದು ಮರುದಿನ ಗೊತ್ತಾಯಿತು. ಎರಡು ಸಲ ಏನೋ ಒತ್ತಿ ನೋಡಿದಳಂತೆ, ಅದು ಕುಯ್ ಕುಯ್ ಅಂದಾಗ ಹೆದರಿ ಓಡಿಬಂದಳಂತೆ. ಮೆಟ್ಟಿಲು ಹತ್ತಿದರೆ ಸೈರನ್ನು ಖಂಡಿತ.

ಹೇಳುವುದಾದರೂ ಯಾರಿಗೆ? ಮಗ ಮಿತ್ಕೊ ಆಗಲೇ "ಅಮ್ಮನಿಗೆ ಮರೆವು" ಅಂತ ರಾಗ ಎಳೆಯುತ್ತಿದ್ದ. ವೃದ್ಧಾಶ್ರಮದ ಕಾಗದಗಳನ್ನು ತಂದು ಅವಳ ಫ್ರಿಜ್ಜಿನ ಮೇಲೆ ಇಟ್ಟು ಹೋಗಿದ್ದ. ತನ್ನ ಮನೆಯ ನಂಬರೇ ಗೊತ್ತಿಲ್ಲ ಅಂದರೆ ಮುಗಿಯಿತು, ಸೀದಾ ಅಲ್ಲಿಗೆ ಸಾಗಹಾಕುತ್ತಾರೆ. ಅವಳಿಗೆ ಮರೆವಿರಲಿಲ್ಲ, ಆ ನಂಬರು ಅವಳಿಗೆ ಗೊತ್ತೇ ಇರಲಿಲ್ಲ. ಅದನ್ನು ನಂಬುವವರು ಯಾರು? ಹಾಗಾಗಿ ಹದಿನಾಲ್ಕು ತಿಂಗಳು ಮಂಡಿ ನೋವಿನ ನೆಪ ಹೇಳಿಕೊಂಡು ಗ್ಯಾರೇಜಿನ ಪಕ್ಕದ ಸಣ್ಣ ಕೋಣೆಯಲ್ಲೇ ಮಲಗಿದಳು. ಯಾರಿಗೂ ಅನುಮಾನ ಬರಲಿಲ್ಲ. ನಮ್ಮಲ್ಲಿ ಮೇಲ್ಮನೆಗೆ ಹೋಗುವವರಾದರೂ ಯಾರು?

ಅಷ್ಟರಲ್ಲಿ ಮೊಮ್ಮಗಳು ಬಿಲ್ಯಾನಾಳಿಗೆ ಗಂಡು ನಿಶ್ಚಯವಾಯಿತು. ಭಾನುವಾರ ಬೀಗರು ಅಜ್ಜಿ ಮನೆಗೆ ಬರುತ್ತಾರೆ ಅಂತ ಸುದ್ದಿ. ಬೀಗರನ್ನು ಗ್ಯಾರೇಜಿನಲ್ಲಿ ಕೂರಿಸುವುದುಂಟೇ? ಡೋಸ್ತಮ್ಮನಿಗೆ ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗಾಯಿತು. ನಿಜ ಹೇಳಲಾರದೆ ಬುಧವಾರ ದೀಪದ ನೆಪದಲ್ಲಿ ನಮ್ಮವರನ್ನು ಕರೆಸಿದಳು.

ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆಗ ಗೊತ್ತಿದ್ದದ್ದು ಇಷ್ಟೇ, ಡೋಸ್ತಮ್ಮ ಊಟದ ಕೋಣೆಗೆ ಹೊಸ ದೀಪ ಹಾಕಿಸುತ್ತಿದ್ದಾಳೆ ಅಂತ. ಇವರು ಹಿಡಿ ತುಂಬ ಕ್ಲಿಪ್ಪು ಜೇಬಿಗಿಳಿಸಿಕೊಂಡು ಹೋದರು.

"ನೋಡು ಸ್ಪಾಸೆ, ಮೆಟ್ಟಿಲಿಂದ ಹೋಗ್ಬೇಡ. ಹೆಂಚು ತೆಗೆದು ಮೇಲಿಂದಲೇ ಇಳಿ. ಅಲಾರ್ಮು ಇದ್ದ ಹಾಗೇ ಇರ್ಲಿ" ಅಂದಳಂತೆ.

"ಅದನ್ನ ಒಂದು ಗಳಿಗೆ ಆಫ್ ಮಾಡಿ ಡೋಸ್ತಮ್ಮ, ಹತ್ತು ನಿಮಿಷದ ಕೆಲಸ."

"ಬೇಡ ಅಂದ್ನಲ್ಲ!"

ಇವರು ಕೆಂಪು ದೀಪ ನೋಡಿದರು, ಮೆಟ್ಟಿಲ ಮೇಲೆ ಬೆರಳು ದಪ್ಪ ಕೂತಿದ್ದ ಧೂಳು ನೋಡಿದರು, ಮುದುಕಿಯ ಮುಖ ನೋಡಿದರು. ಅಲ್ಲೇ ಸ್ಟೂಲು ಎಳೆದುಕೊಂಡು ಕೂತು "ಎಷ್ಟು ದಿನ ಆಯ್ತು?" ಅಂತ ಕೇಳಿದರಂತೆ. ಅಷ್ಟಕ್ಕೇ ಡೋಸ್ತಮ್ಮ ಏಪ್ರನ್ನು ಮುಖಕ್ಕೆ ಮುಚ್ಚಿಕೊಂಡು ಅತ್ತುಬಿಟ್ಟಳಂತೆ. ನಾವುಮ್ ಸತ್ತಾಗಲೂ ಹಾಗೆ ಅತ್ತವಳಲ್ಲ.

ಸೈರನ್ನು ಕೂಗಿಸದೆ ನಿಲ್ಲಿಸುವ ದಾರಿ ಇರಲಿಲ್ಲ. ಅಲಾರ್ಮಿನ ದೊಡ್ಡ ಪೆಟ್ಟಿಗೆ ಇರುವುದು ಮೇಲೆ ನಾವುಮ್‌ನ ಬೀರುವಿನೊಳಗೆ, ಅಲ್ಲಿಗೆ ಕಾಲಿಟ್ಟರೆ ಕೂಗು. ಮನೆಯ ಕರೆಂಟು ತೆಗೆದರೂ ಹೊರಗೋಡೆಯ ಸೈರನ್ನಿಗೆ ಅದರದೇ ಬ್ಯಾಟರಿ. "ಕೂಗೋದಂತೂ ಕೂಗೇ ಕೂಗುತ್ತೆ ಡೋಸ್ತಮ್ಮ" ಅಂದರಂತೆ ಇವರು, "ಯಾಕೆ ಕೂಗ್ತು ಅನ್ನೋದು ಮಾತ್ರ ನಮ್ಮ ಕೈಲಿದೆ."

ಶುಕ್ರವಾರ. ಮಾರ್ಚ್ ತಿಂಗಳು, ಭೂಮಿಯ ಈ ದಕ್ಷಿಣದ ಕಡೆ ಚಳಿ ಶುರುವಾಗುವ ಮುಂಚಿನ ಹೊತ್ತು. ಬೀದಿಯ ಎಲ್ಲ ಗ್ಯಾರೇಜುಗಳ ಬಾಗಿಲು ಮೇಲಕ್ಕೆದ್ದಿತ್ತು, ಎಲ್ಲರೂ ಚಳಿಗಾಲಕ್ಕೆ ಕೂಡಿಡುವ ಚಟ್ನಿಗೆ ಕೆಂಪು ದೊಣ್ಣೆಮೆಣಸಿನಕಾಯಿ ಸುಡುತ್ತಿದ್ದೆವು. ನಾನು ಮಸಿಗೈಯಲ್ಲಿ ಸಿಪ್ಪೆ ಸುಲಿಯುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಸೈರನ್ನು! ಅಯ್ಯೋ ದೇವರೇ, ಕಾರ್ಖಾನೆಗೂ ಕೇಳಿಸಿರಬೇಕು. ಎಲ್ಲರೂ ಚಿಮಟ ಕೈಯಲ್ಲೇ ಹಿಡಿದುಕೊಂಡು ಬೀದಿಗೆ ಬಂದೆವು. ನೋಡಿದರೆ ಡೋಸ್ತಮ್ಮನ ಗೋಡೆಗೆ ಏಣಿ, ಏಣಿಯ ತುದಿಯಲ್ಲಿ ನನ್ನ ಗಂಡ, ಒಂದು ಕೈಯಲ್ಲಿ ಕಟಿಂಗ್ ಪ್ಲೇಯರು, ಇನ್ನೊಂದು ಕೈಯಲ್ಲಿ ತುಂಡಾದ ವೈರು. ಅದನ್ನು ಊರಿಗೆಲ್ಲ ಕಾಣುವ ಹಾಗೆ ಎತ್ತಿ ಹಿಡಿದಿದ್ದಾರೆ.

"ತಪ್ಪು ವೈರು ಕತ್ತರಿಸ್ಬಿಟ್ಟೆ!" ಅಂತ ಕೂಗಿದರು.

"ಏನೋ ಸ್ಪಾಸೆ, ವೈರಿಗೂ ಹುರಳೀಕಾಯಿಗೂ ವ್ಯತ್ಯಾಸ ಗೊತ್ತಾಗ್ಲಿಲ್ವಾ?" ಎದುರುಮನೆಯ ಕ್ರಸ್ತೆ ಹೊಟ್ಟೆ ಹಿಡಿದುಕೊಂಡು ನಕ್ಕ.

ಯಾರೋ ಫೋನು ಮಾಡಿದ್ದರು ಅಂತ ಕಾಣುತ್ತದೆ, ಮಿತ್ಕೊ ಕಾರಿನಲ್ಲಿ ಧಾವಿಸಿ ಬಂದ. "ಅಮ್ಮಾ, ಏನ್ ಒತ್ತಿದೆ? ನಂಬರು ಹಾಕಿ ನಿಲ್ಸಮ್ಮ! ನಂಬರು ನೆನಪಿದೆ ತಾನೆ?"

ಡೋಸ್ತಮ್ಮ ಗ್ಯಾರೇಜಿನ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದಳು. ಬಿಳುಚಿಕೊಂಡಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಇವರು ಏಣಿಯಿಂದ ಅರ್ಧ ಜಾರಿ ಇಳಿದರು.

"ನಿಮ್ಮಮ್ಮ ಏನ್ ಮಾಡ್ತಾರಪ್ಪ, ಮಾಡಿದ್ದು ನಾನು. ನಂಬರಿಂದ ಇನ್ನು ನಿಲ್ಲಲ್ಲ, ವೈರೇ ಹೋಯ್ತಲ್ಲ. ನೀನಿಲ್ಲೇ ನಿಂತಿರು, ಮೇಲೆ ಹೋಗಿ ಪೆಟ್ಟಿಗೆ ಬಿಚ್ಚಿ ನಿಲ್ಲಿಸ್ತೀನಿ." ಮೆಟ್ಟಿಲು ಹತ್ತಿ ಒಳಗೆ ಓಡಿದರು. ಇನ್ನೂ ನಾಲ್ಕು ನಿಮಿಷ ಕೂಗಿ ಅದು ನಿಂತಿತು. ಅಷ್ಟು ಹೊತ್ತಿಗೆ ಡೋಸ್ತಮ್ಮನಿಗೂ ಜೀವ ಬಂದಿತ್ತು. "ಕಣ್ಣು ಎಲ್ಲಿಟ್ಕೊಂಡಿದ್ಯೋ ಮುಠ್ಠಾಳ!" ಅಂತ ಬೀದಿ ತುಂಬ ಬೈದಳು. ಮಿತ್ಕೊನೇ ಅಮ್ಮನನ್ನು ಸಮಾಧಾನ ಮಾಡಬೇಕಾಯಿತು.

ನನ್ನ ಮಾನ ಮೂರು ಕಾಸಿಗೆ ಹರಾಜಾಯಿತು. ಬೀದಿಯಲ್ಲೇ ಶುರು ಮಾಡಿದೆ, ಮನೆಗೆ ಬಂದ ಮೇಲೂ ಬಿಡಲಿಲ್ಲ.

"ಮೂವತ್ತೆಂಟು ವರ್ಷ ರೀ! ನನ್ನ ಕ್ಲಿಪ್ಪೆಲ್ಲ ಸುರಿದು ಕಾಪಾಡ್ಕೊಂಡ ಹೆಸರು, ಒಂದೇ ಕತ್ತರಿಗೆ ಹೋಯ್ತಲ್ಲ! ಕನ್ನಡಕ ಹಾಕ್ಕೊಳ್ಳಿ ಅಂದ್ರೆ ಕೇಳಲ್ಲ, ವಯಸ್ಸಾಯ್ತು ಬಿಡಿ ಅಂದ್ರೆ ಕೇಳಲ್ಲ!"

ಅವರು ಚಟ್ನಿಯನ್ನು ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತ "ಉಪ್ಪು ಸ್ವಲ್ಪ ಕಡಿಮೆ" ಅಂದರು. ಮೈಯೆಲ್ಲ ಉರಿಯಿತು ನನಗೆ.

ಶನಿವಾರ "ಹಾಳು ಮಾಡಿದ್ದನ್ನ ಸರಿ ಮಾಡ್ಬೇಕು" ಅಂತ ಮತ್ತೆ ಹೋದರು. ಸಂಜೆ ಬಂದಾಗ ತಲೆ ತುಂಬ ಜೇಡರ ಬಲೆ, ಅಂಗಿಯಿಂದ ನಿಂಬೆಹಣ್ಣಿನ ಸೋಪಿನ ವಾಸನೆ. ವೈರಿನ ಕೆಲಸಕ್ಕೆ ಸೋಪು ಯಾಕೆ ಅಂತ ಕೇಳಬೇಕಿತ್ತು, ಸಿಟ್ಟಿನಲ್ಲಿ ಕೇಳಲಿಲ್ಲ.

ಭಾನುವಾರ ಬೀಗರು ಬಂದರು. ನಮಗೂ ಕರೆ ಇತ್ತು. ಮೇಲ್ಮನೆ ಲಕಲಕ ಹೊಳೆಯುತ್ತಿತ್ತು, ಹೊಸ ದೀಪದ ಕೆಳಗೆ ಚಿನ್ನದಂಚಿನ ಬಟ್ಟಲು ಸಾಲಾಗಿ ಕೂತಿದ್ದವು. ಬಿಲ್ಯಾನಾ ಕೆಂಪೇರಿ ಕೂತಿದ್ದಳು. ಮಿತ್ಕೊ ಬೀಗರಿಗೆ "ನಮ್ಮಮ್ಮ ಒಬ್ಬರೇ ಇಷ್ಟು ದೊಡ್ಡ ಮನೆ ನೋಡ್ಕೋತಾರೆ, ಈ ವಯಸ್ಸಲ್ಲೂ!" ಅಂತ ಕೊಚ್ಚಿಕೊಳ್ಳುತ್ತಿದ್ದ. ಅಲ್ಲೂ ಕ್ರಸ್ತೆ ಸೈರನ್ನಿನ ಕಥೆ ತೆಗೆದ. ಎಲ್ಲರೂ ನಕ್ಕರು, ನಾನು ಸರಕ್ಕನೆ ಎದ್ದು ಅಡುಗೆಮನೆಗೆ ಹೋದೆ.

ಡೋಸ್ತಮ್ಮ ಹಿಂದೆಯೇ ಬಂದು ಬಾಗಿಲು ಹಾಕಿದಳು.

"ಗಂಡನ್ನ ಬೈತಿದ್ದೀಯಾ ಇನ್ನೂ?"

"ಬೈಯದೆ ಮುದ್ದಾಡ್ಲಾ?"

"ಮುದ್ದಾಡು" ಅಂದಳು. ಆಮೇಲೆ ನಿಮಗೆ ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಹೇಳಿದಳು. "ನಿನ್ನೆ ಪೂರ್ತಿ ಮಂಡಿ ಊರಿ ಈ ನೆಲ ಒರೆಸಿದ್ದು ಅವನೇ ಮೆಂಕಾ. ನನ್ನ ಕೈಲಾಗ್ಲಿಲ್ಲ. ಮೇಲೆ ಬಂದ್ರೆ ಸೋಫಾದ ಕೈ ಮೇಲೆ ನಾವುಮ್‌ನ ಕನ್ನಡಕ ಅವತ್ತು ಇಟ್ಟ ಹಾಗೇ ಇತ್ತು. ನಾನು ಅಲ್ಲೇ ಕೂತ್ಬಿಟ್ಟೆ. ಸ್ಪಾಸೆ ನನ್ನನ್ನ ಎಬ್ಬಿಸದೆ ನನ್ನ ಸುತ್ತ ಒರೆಸ್ಕೊಂಡು ಹೋದ. ಹೊಸ ನಂಬರು ನನ್ನ ಕೈಯಲ್ಲೇ ಒತ್ತಿಸ್ದ, ಅದನ್ನ ನೋಡ್ಬಾರ್ದು ಅಂತ ಗೋಡೆ ಕಡೆ ತಿರುಗಿ ನಿಂತ್ಕೊಂಡ."

ನಮ್ಮ ಮನೆಯಲ್ಲಿ ಒಂದು ದಿನ ಪೊರಕೆ ಮುಟ್ಟಿದವರಲ್ಲ! ಮೊದಲು ಬಂದದ್ದು ಅದೇ ಸಿಟ್ಟು. ಆಮೇಲೆ ನೆನಪಾಯಿತು, ಶುಕ್ರವಾರ ನನ್ನ ತಂತಿಯ ಮೇಲಿನ ಒಂದು ಕ್ಲಿಪ್ಪೂ ಕಡಿಮೆಯಾಗಿರಲಿಲ್ಲ. ಅವತ್ತು ಕತ್ತರಿಸಲೆಂದೇ ಹೋಗಿದ್ದರು. ಅಡುಗೆಮನೆಯಲ್ಲಿ ನಿಂತೇ ಕಣ್ಣೀರು ಹಾಕಿದೆ. ಎಂಥವರನ್ನು ಬೈದೆನಲ್ಲಾ ಅನ್ನಿಸಿತು. ಅಷ್ಟು ಪ್ರೀತಿ ಬಂತು ಆ ಮನುಷ್ಯನ ಮೇಲೆ.

ಮನೆಗೆ ಬಂದು ಕೇಳಿದೆ. "ಊರಿಗೆ ಹೇಳ್ಬೇಡಿ, ಸರಿ. ನನಗೂ ಹೇಳಬಾರದಿತ್ತಾ?"

ಅವರು ಕಾಲುಚೀಲ ಬಿಚ್ಚಿ ಪಕ್ಕಕ್ಕಿಟ್ಟರು. "ನಿನಗೆ ಹೇಳಿದ್ರೆ ನೀನು ಬೈತಿರ್ಲಿಲ್ಲ" ಅಂದರು. "ಬೀದೀಲಿ ನಿಂತು ನೀನು ಹಾಗೆ ಬೈದಿದ್ದಕ್ಕೇ ಕಣೇ ಮಿತ್ಕೊ ನಂಬಿದ್ದು."

ಮುಂದಿನ ಶನಿವಾರ ನಮ್ಮ ಜನರ ಕ್ಲಬ್ಬಿನಲ್ಲಿ ಊಟ. ಮಿತ್ಕೊನ ಸಂಸಾರ ನಮ್ಮ ಮೇಜಿನಲ್ಲೇ, ಡೋಸ್ತಮ್ಮನೂ ಇದ್ದಳು. ಕ್ರಸ್ತೆ ಆ ಕಡೆಯಿಂದ ಕೂಗಿದ, "ಏನ್ ಸ್ಪಾಸೆ, ಇವತ್ತು ಯಾವ ವೈರು ಕತ್ತರಿಸ್ದೆ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಎದ್ದೆ. ಸೊಂಟಕ್ಕೆ ಸೆರಗು ಇಲ್ಲ ಸಿಕ್ಕಿಸಲು, ಕೈಯನ್ನೇ ಇಟ್ಟುಕೊಂಡೆ. "ನಾಚಿಕೆ ಆಗಲ್ವೇನ್ರೀ ನಿಮಗೆ? ಕುರುಡರ ಕೈಗೆ ಕತ್ತರಿ ಕೊಟ್ಟ ಹಾಗೆ! ಇನ್ನೊಂದು ಸಲ ಯಾರ ಮನೆ ಅಲಾರ್ಮಿಗಾದ್ರೂ ಕೈ ಹಾಕಿ, ನಿಮ್ಮನ್ನೇ ತಂತಿ ಮೇಲೆ ಕ್ಲಿಪ್ಪು ಹಾಕಿ ನೇತುಹಾಕ್ತೀನಿ!" ಹಿಂದೆಂದೂ ಬೈಯದ ಹಾಗೆ ಬೈದೆ. ಕ್ಲಬ್ಬೆಲ್ಲ ನಗುತ್ತಿತ್ತು, ಮಿತ್ಕೊ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.

ಡೋಸ್ತಮ್ಮ ತಲೆ ತಗ್ಗಿಸಿ ಸೂಪು ಕುಡಿಯುತ್ತಿದ್ದಳು. ನಾನು ಕೂತ ಮೇಲೆ ನಮ್ಮವರು ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು, ಊಟ ಮುಗಿಯುವವರೆಗೂ ಎಡಗೈಯಲ್ಲೇ ತಿಂದರು.