ಬೇಗ ಇಳಿಯುವ ಮದ್ದು

ಮದ್ದುಗಳಲ್ಲೂ ಮರ್ಯಾದಸ್ಥರು ಇರುತ್ತಾರೆ. ಫೆಂಟಾನಿಲ್ ಅಂಥದ್ದು ಎಂದು ನಾನು ಹೇಳಿಕೊಂಡು ತಿರುಗುತ್ತಿದ್ದ ಕಾಲವೊಂದಿತ್ತು. ನರಕ್ಕೆ ಕೊಟ್ಟ ಸ್ವಲ್ಪ ಹೊತ್ತಿಗೇ ನೋವನ್ನು ಅಡಗಿಸುತ್ತದೆ, ಕೊಯ್ದು ಹೊಲಿಯುವ ಕೆಲಸ ಮುಗಿಯುವಷ್ಟರಲ್ಲಿ ತಾನಾಗಿ ಇಳಿದುಹೋಗುತ್ತದೆ, ಉಂಡು ಕೈತೊಳೆದು ಹೊರಡುವ ನೆಂಟರ ಹಾಗೆ. ಅದಕ್ಕೂ ಮೊದಲು ನಾವು ಬಳಸುತ್ತಿದ್ದ ಮದ್ದುಗಳು ಒಮ್ಮೆ ಠಿಕಾಣಿ ಹೂಡಿದರೆ ಸಂಜೆಯಾದರೂ ಏಳುತ್ತಿರಲಿಲ್ಲ. ರೋಗಿಗೆ ಪೂರಾ ಎಚ್ಚರವಾಗುವ ತನಕ ಅರಿವಳಿಕೆ ಕೊಟ್ಟವಳು ಅಲ್ಲಿಂದ ಕದಲುವಂತಿಲ್ಲ. ನನಗೋ ಬಸ್ಸಿನ ಚಿಂತೆ.

ನನ್ನ ಮನೆ ಬೀದರದಲ್ಲಿತ್ತು. ಸುತ್ತಲಿನ ಊರುಗಳಲ್ಲಿ ಆಪರೇಷನ್ ಮಾಡುವ ಡಾಕ್ಟರರಿದ್ದರು, ಅರಿವಳಿಕೆ ಕೊಡುವವರು ಇರಲಿಲ್ಲ. ಹೀಗಾಗಿ ನಾನು ನನ್ನ ಮದ್ದಿನ ಪೆಟ್ಟಿಗೆ ಹೊತ್ತು ಒಂದು ದಿನ ಭಾಲ್ಕಿ, ಇನ್ನೊಂದು ದಿನ ಔರಾದ ಎಂದು ತಿರುಗುತ್ತಿದ್ದೆ. ಕಂಡಕ್ಟರರು ನನಗೆ ಬೇಹೋಶಿ ಬಾಯಿ, ಅಂದರೆ ಎಚ್ಚರ ತಪ್ಪಿಸುವ ಅಮ್ಮ, ಎಂದು ಹೆಸರಿಟ್ಟಿದ್ದರು. "ಬಾಯಿ, ನಮ್ಮ ಡ್ರೈವರ್‌ಗ ಮಾತ್ರ ಕೊಡಬ್ಯಾಡ್ರಿ" ಎಂದು ನಗುತ್ತಿದ್ದರು. ಮೂಗಿನ ಮೇಲೇ ಸಿಟ್ಟಿರುವ ಹೆಂಗಸು ನಾನು, ಆದರೂ ಅದಕ್ಕೆ ನಗು ಬರುತ್ತಿತ್ತು.

ಅವು ಬರದ ವರ್ಷಗಳು. ಊರೂರಿನ ಬಾಗಿಲುಗಳಿಗೆ ಬೀಗ ಬಿದ್ದಿತ್ತು. ಗಂಡ, ಹೆಂಡತಿ, ಎಳೆಗೂಸು, ಎಲ್ಲರೂ ಟೋಳಿ ಎಂದು ಕರೆಯುವ ಗುಂಪು ಕಟ್ಟಿಕೊಂಡು ಕೊಲ್ಹಾಪುರ, ಸಾಂಗ್ಲಿ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದರು. ನಮ್ಮ ಪೆಟ್ಟಿಗೆಯ ಮದ್ದಿಗೂ ಆ ಕಬ್ಬಿನ ಹೊಲಕ್ಕೂ ಏನಾದರೂ ಸಂಬಂಧವಿದ್ದೀತೆಂದು ನಾನು ಯೋಚಿಸಿದವಳಲ್ಲ.

ಔರಾದಿನ ಸಣ್ಣದೊಂದು ಆಸ್ಪತ್ರೆಗೆ ಆ ದಿನ ಬಂದದ್ದು ಎರಡು ವರ್ಷವೂ ತುಂಬದ ಹೆಣ್ಣುಕೂಸು. ಕಬ್ಬಿನ ಹೊಲದ ಗುಡಿಸಲಲ್ಲಿ ಒಲೆಗೆ ಕೈಯಿಟ್ಟು ಸುಟ್ಟುಕೊಂಡಿತ್ತು. ಗಾಯವೇನೋ ಮಾಯ್ದಿತ್ತು, ಆದರೆ ಬೆರಳುಗಳು ಅಂಗೈಗೆ ಅಂಟಿ ಮುಷ್ಟಿ ಬಿಚ್ಚುತ್ತಿರಲಿಲ್ಲ. ಈಗ ಬಿಡಿಸದಿದ್ದರೆ ಆ ಕೈ ಮುಂದೆ ಯಾವ ಕೆಲಸಕ್ಕೂ ಬಾರದು ಎಂದು ಸರ್ಜನ್ ಹೇಳಿದ್ದರು. ತಾಯಿ ಟೋಳಿಯನ್ನೂ ಗಂಡನನ್ನೂ ಅಲ್ಲೇ ಬಿಟ್ಟು ಕೂಸನ್ನು ಎತ್ತಿಕೊಂಡು ಬಂದಿದ್ದಳು. "ದುಡಿಲಿಕ್ಕಿ ಕೈ ಬೇಕಲ್ರಿ ಬಾಯಿ, ಹೆಣ್ಣ ಹುಡುಗಿ" ಎಂದಳು.

ಬೆಳಗ್ಗೆಯಿಂದ ಕೂಸಿಗೆ ಏನೂ ಕೊಡಬಾರದೆಂದು ಹೇಳಲಾಗಿತ್ತು. ಹೊಟ್ಟೆಯಲ್ಲಿ ಏನಾದರೂ ಇದ್ದರೆ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯುವ ಭಯ. ಬೆಳಗ್ಗೆಯೇ ಮುಗಿಯಬೇಕಿದ್ದ ಕೆಲಸ. ಆದರೆ ನೀರಿನ ಟ್ಯಾಂಕರ್ ಬರಲಿಲ್ಲ. ಕೈ ತೊಳೆಯಲು ನೀರಿಲ್ಲದೆ ಸರ್ಜನ್ ಚಾಕು ಹಿಡಿಯುವುದಾದರೂ ಹೇಗೆ? ಟ್ಯಾಂಕರಿನವನಿಗೆ ನಾನು ಮನಸಾರೆ ಶಾಪ ಹಾಕುತ್ತ ಕೂತೆ. ಕೂಸು ಹಸಿದು ಅರಚುತ್ತಿತ್ತು. ತಾಯಿ ಅದನ್ನು ಎತ್ತಿಕೊಂಡು ಹೊರಗೆ ಬೇವಿನ ಮರದ ಕೆಳಗೆ ಹೋದಳು. ಆಮೇಲೆ ಅಳು ನಿಂತಿತು. ಅತ್ತು ಅತ್ತು ಸುಸ್ತಾಗಿ ಮಲಗಿರಬೇಕು ಎಂದುಕೊಂಡೆವು.

ಮಧ್ಯಾಹ್ನ ದಾಟಿದ ಮೇಲೆ ನೀರು ಬಂತು. ಕೂಸನ್ನು ಮೇಜಿನ ಮೇಲೆ ಮಲಗಿಸುವ ಮುನ್ನ ನಾನು ಎಂದಿನಂತೆ ಕೇಳಿದೆ:

"ಏನರೆ ಕೊಟ್ಟೀ ಏನವ್ವ?"

"ಇಲ್ರಿ ಬಾಯಿ. ಹನಿ ನೀರ ಸೈತ ಕೊಟ್ಟಿಲ್ಲ. ಎದಿ ಹಾಲೂ ಕೊಟ್ಟಿಲ್ರಿ."

ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಐದೂ ಬೆರಳು ಬಿಡಿಬಿಡಿಯಾಗಿ ಎದ್ದು ನಿಂತವು, ತೊಡೆಯ ಚರ್ಮ ತೆಗೆದು ಅಂಗೈಗೆ ಹೊಲಿದರು. ಸರ್ಜನ್ ಖುಷಿಯಿಂದ ಗುನುಗುತ್ತ ಕೈಗವಸು ಬಿಚ್ಚಿದರು. ಇನ್ನು ಕೂಸು ಏಳಬೇಕು. ಏಳಲಿಲ್ಲ. ಫೆಂಟಾನಿಲ್‌ಗೆ ಒಂದು ಕೆಟ್ಟ ಗುಣವಿದೆ. ನೋವನ್ನು ಮರೆಸುವಾಗ ಉಸಿರಾಡುವುದನ್ನೂ ಮರೆಸುತ್ತದೆ. ಅದಕ್ಕೇ ನಾವು ಪಕ್ಕದಲ್ಲಿ ಕೂತು ರಬ್ಬರಿನ ಚೀಲ ಒತ್ತಿ ಒತ್ತಿ ಉಸಿರು ತುಂಬುತ್ತೇವೆ. ಆದರೆ ಇಷ್ಟು ಹೊತ್ತಿಗೆ ಅದು ಇಳಿದಿರಬೇಕಿತ್ತು. ಕೈ ತೆಗೆದರೆ ಎದೆ ಅಲುಗುತ್ತಿರಲಿಲ್ಲ. ರೆಪ್ಪೆ ಎತ್ತಿ ನೋಡಿದೆ. ಕಣ್ಣಿನ ಪಾಪೆ ಸಾಸಿವೆಗಿಂತ ಸಣ್ಣದಾಗಿತ್ತು. ಅಮಲು ಇನ್ನೂ ಇಳಿದಿಲ್ಲ ಎಂಬುದರ ಗುರುತು ಅದು.

ತಾಯಿಯನ್ನು ಒಳಗೆ ಕರೆಸಿ ಕೂಗಾಡಿದೆ. ಅವಳು, "ನಿಮ್ಮ ಆಣಿ ಬಾಯಿ, ತಿನ್ನೂದು ಕುಡಿಯೂದು ಏನೂ ಕೊಟ್ಟಿಲ್ರಿ" ಎಂದಳು.

"ಹಂಗಾರ ಅಷ್ಟ್ ಅಳೋ ಕೂಸು ಹ್ಯಾಂಗ ಮಲಗ್ತು?"

ಅವಳು ಸೆರಗಿನ ಗಂಟು ಬಿಚ್ಚಿದಳು. ಎಲೆಯಲ್ಲಿ ಸುತ್ತಿದ ಕರಿ ಉಂಡೆ. ಅಫೀಮು.

"ದಿನಾ ಕೊಡ್ತೇವಲ್ರಿ, ಉಗುರಿನ ತುದಿಗಿ ಹಿಡಿವಷ್ಟು. ಇದು ಊಟ ಅಲ್ಲಲ್ರಿ ಬಾಯಿ" ಎಂದಳು. ಇವತ್ತು ಹಸಿವಿನ ಅಳು ನಿಲ್ಲಲಿಲ್ಲವೆಂದು ಎರಡು ಸಲ ಕೊಟ್ಟಿದ್ದಳು.

ಅಫೀಮೂ ಫೆಂಟಾನಿಲ್ಲೂ ದಾಯಾದಿಗಳು. ಮೊದಲೇ ಒಳಗೆ ಕೂತಿದ್ದವನ ಮೇಲೆ ನಾನು ಇನ್ನೊಬ್ಬನನ್ನು ಕಳಿಸಿದ್ದೆ. ನನ್ನದು ಇಳಿದಿತ್ತು, ಅವಳದು ಇಳಿದಿರಲಿಲ್ಲ. ಆ ಉಂಡೆಯನ್ನು ಕಿತ್ತುಕೊಂಡು ನರ್ಸ್ ಮೋರಿಗೆ ಎಸೆದಳು. ನನ್ನ ಪೆಟ್ಟಿಗೆಯಲ್ಲಿ ಈ ಅಮಲು ಇಳಿಸುವ ಇಂಜೆಕ್ಷನ್ ಒಂದೇ ಒಂದು ಇತ್ತು. ಕೊಟ್ಟೆ. ಕೂಸು ಕಣ್ಣು ಬಿಟ್ಟು ಕಿಟಾರನೆ ಕಿರುಚಿತು. ನರ್ಸ್ ಕೈಮುಗಿದಳು, ಸರ್ಜನ್ ಚಹಾ ತರಲು ಹೇಳಿದರು, ತಾಯಿ ಕೂಸನ್ನು ಅವಚಿಕೊಂಡಳು. ನಾನು ಮಾತ್ರ ಕೂಸಿನ ಎದೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಯಾಕೆಂದರೆ ಆ ಇಂಜೆಕ್ಷನ್ನೂ ಬೇಗ ಇಳಿಯುವಂಥದ್ದೇ. ಹೊಟ್ಟೆಯೊಳಗಿನ ಅಫೀಮಿಗೆ ಅಂಥ ಅವಸರವಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅಳು ಸಣ್ಣಗಾಯಿತು, ತಲೆ ಒಂದು ಕಡೆ ವಾಲಿತು, ಉಸಿರು ಮತ್ತೆ ನಿಲ್ಲುವುದಕ್ಕೆ ಬಂತು.

ಸರ್ಜನ್ನರ ಜೀಪಿನಲ್ಲಿ ಬೀದರಕ್ಕೆ ಹೊರಟೆವು. ಹಿಂದಿನ ಸೀಟಿನಲ್ಲಿ ತಾಯಿಯ ತೊಡೆಯ ಮೇಲೆ ಕೂಸು, ಅದರ ಮೂಗು ಬಾಯಿಗೆ ಮಾಸ್ಕ್ ಹಿಡಿದು ಚೀಲ ಒತ್ತುತ್ತ ನಾನು. ರಸ್ತೆಯೋ, ದೇವರೇ ಗತಿ. ಸಂತಪುರ ದಾಟುವಷ್ಟರಲ್ಲಿ ನನ್ನ ಬೆರಳು ಸೆಟೆದು ಹೋದವು. "ನೀ ಒತ್ತವ್ವ. ನೀ ಉಸಿರು ಎಳಕೊಂಡಾಗೊಮ್ಮೆ ಒತ್ತು" ಎಂದು ಚೀಲ ಅವಳ ಕೈಗೆ ಕೊಟ್ಟು ಮಾಸ್ಕ್ ಅದುಮಿ ಹಿಡಿದೆ. ಅವಳು ಒತ್ತಿದಳು. ಕಬ್ಬು ಕಡಿದು ಜಡ್ಡುಗಟ್ಟಿದ ಕೈ, ಒಮ್ಮೆಯೂ ತಪ್ಪಲಿಲ್ಲ.

ಒತ್ತುತ್ತಲೇ ಹೇಳಿದಳು: "ಅವತ್ತ ಅಫೀಮ್ ತೀರಿತ್ತರಿ. ಕೂಸು ಎಚ್ಚರಿತ್ತು. ನಾ ಹೊಲದಾಗಿದ್ದೆ. ಎಚ್ಚರಿತ್ತಂತೇ ಒಲಿ ತನಾ ಹೋಯ್ತರಿ."

ಅವಳ ಮೇಲಿದ್ದ ಸಿಟ್ಟನ್ನೆಲ್ಲ ಎಲ್ಲಿಡಬೇಕೋ ತಿಳಿಯಲಿಲ್ಲ.

ಬೀದರದ ದೊಡ್ಡ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಸಾಕಷ್ಟು ಇತ್ತು. ಇಳಿದಂತೆಲ್ಲ ಮತ್ತೆ ಮತ್ತೆ ಕೊಟ್ಟರು. ಮರುದಿನ ಕೂಸು ತಾನೇ ಉಸಿರಾಡಿ, ತಾನೇ ಅತ್ತು, ಎದೆಹಾಲಿಗೆ ಬಾಯಿ ಹಾಕಿತು. ನಾನು ವಾರ್ಡಿನ ಹೊರಗೆ ನಿಂತು ಅತ್ತೆ. ಅರಿವಳಿಕೆ ಕೊಡುವವರು ಅಳಬಾರದೆಂದು ಎಲ್ಲೂ ಬರೆದಿಲ್ಲ.

ಅವಳನ್ನು ಆಸ್ಪತ್ರೆಯಿಂದ ಕಳಿಸಿದ ದಿನ ನನಗೂ ಭಾಲ್ಕಿಯಲ್ಲಿ ಕೆಲಸವಿತ್ತು. ಅವಳು ಭಾಲ್ಕಿಯಲ್ಲಿ ರೈಲು ಹಿಡಿದು ಟೋಳಿ ಸೇರಬೇಕಿತ್ತು. ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ಕೂತೆವು. ಕೂಸಿನ ಕೈಗೆ ಪಟ್ಟಿ, ಪಟ್ಟಿಯ ತುದಿಯಲ್ಲಿ ನೆಟ್ಟಗಿನ ಪುಟ್ಟ ಬೆರಳುಗಳು. ದಾರಿಯುದ್ದಕ್ಕೂ ನಾನು ಬುದ್ಧಿ ಹೇಳಿದೆ. ಅಫೀಮು ಮುಟ್ಟಬೇಡ, ಕೂಸನ್ನು ಮನೆಯಲ್ಲಿ ಬಿಟ್ಟು ಹೋಗು ಎಂದೆ.

"ಮನ್ಯಾಗ ಯಾರ್ ಅವ್ರಿ ಬಾಯಿ? ಅತ್ತಿನೂ ಕಬ್ಬಿಗೇ ಬಂದಾಳ."

ಎಲ್ಲದಕ್ಕೂ ಹೂಂ ಹೂಂ ಎಂದಳು. ಭಾಲ್ಕಿ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು: "ನೀವು ಕೂಸಿನ ತೂಕ ನೋಡಿ, ಸೂಜಿಯಾಗ ಅಳದು ಕೊಡ್ತೀರಲ್ರಿ. ಹಂಗ ನನಗೂ ಒಂದ್ ಅಳತಿ ಹೇಳ್ರಿ. ಎಷ್ಟ್ ಕೊಟ್ರ ಮಲಗ್ತದ, ಉಸಿರು ನಿಂದರಂಗಿಲ್ಲ?"

ಕಂಡಕ್ಟರ್ ಸೀಟಿ ಊದುತ್ತಿದ್ದ. ಅದಕ್ಕೆ ಅಳತೆಯೇ ಇಲ್ಲವ್ವ, ಒಂದೊಂದು ಉಂಡೆಯ ಅಮಲು ಒಂದೊಂದು ಥರ, ಯಾವ ಡಾಕ್ಟರೂ ಹೇಳಲಾರ ಎಂದೆ. ಅದು ನಿಜ. ನನ್ನ ಮುಖ ಹೇಗಾಗಿತ್ತೋ ಏನೋ, ಅವಳು ನನ್ನ ಕೈ ಹಿಡಿದು ಸಮಾಧಾನ ಮಾಡಿದಳು.

"ಇರ್ಲಿ ಬಿಡ್ರಿ ಬಾಯಿ. ನೀವು ಚಿಂತಿ ಮಾಡಬ್ಯಾಡ್ರಿ. ಇನ್ಮ್ಯಾಲ ಸ್ವಲ್ಪೇ ಕೊಡ್ತೇನಿ."

ಇಳಿದು ಸ್ಟೇಷನ್ನಿನ ಕಡೆ ನಡೆದಳು. ಕೂಸು ಅವಳ ಹೆಗಲ ಮೇಲಿಂದ ಪಿಳಿಪಿಳಿ ನನ್ನನ್ನೇ ನೋಡುತ್ತಿತ್ತು, ಪೂರಾ ಎಚ್ಚರವಾಗಿತ್ತು. ಹೊಲ ಮುಟ್ಟಿದೊಡನೆ ಅದನ್ನು ಮತ್ತೆ ಮಲಗಿಸುತ್ತಾಳೆ ಎಂಬುದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.