ಒಳಗೆ ಬಿಟ್ಟ ಎರಡಿಂಚು

ಗೃಹಪ್ರವೇಶದ ದಿನ ತೋರಣ ಕಟ್ಟಲು ಕೈ ಎತ್ತಿದ ಗಂಗಾಂಬಿಕಾಳ ಕಂಕುಳಲ್ಲಿ ‘ಪರ್’ ಎಂದಿತು. ರೇಷ್ಮೆ ರವಿಕೆ ಹೊಲಿಗೆ ಬಿಟ್ಟಿತ್ತು. ಪುರೋಹಿತರು ತಟ್ಟನೆ ತಲೆಯೆತ್ತಿ ಹೊಸ ತಾರಸಿಯನ್ನು ಪರೀಕ್ಷಿಸತೊಡಗಿದರು. ಮಧುಗಿರಿಯ ಅರ್ಧ ಪೇಟೆಗೆ ರವಿಕೆ ಹೊಲಿಯುವವಳದೇ ರವಿಕೆ! ಬಂದ ಹೆಂಗಸರಲ್ಲಿ ಬಹಳ ಮಂದಿ ತೊಟ್ಟಿದ್ದು ಅವಳ ಹೊಲಿಗೆಯನ್ನೇ, ಒಬ್ಬರದೂ ಅಲುಗಿರಲಿಲ್ಲ.

“ನಿಂದೇ ಹಿಂಗಾದ್ರೆ ನಮ್ ಗತಿ ಏನೇ?” ಎನ್ನುತ್ತ ಹಳೆಯ ಗಿರಾಕಿ ವನಜಾಕ್ಷಿ ಸೆರಗಿನ ಪಿನ್ನು ಕಿತ್ತುಕೊಟ್ಟರು.

“ನಿಮ್ದಕ್ಕೆ ಒಳಗೆ ಬಟ್ಟೆ ಐತೆ ಬುಡಕ್ಕ. ಇದ್ರಲ್ಲಿ ಇದ್ದಿದ್ನೆಲ್ಲ ಬಿಚ್ಚಿ ಆಯ್ತು” ಎಂದ ಗಂಗಾಂಬಿಕಾ, ಗಂಡ ಮಲ್ಲೇಶನ ಶಲ್ಯ ಎಳೆದು ಹೊದ್ದುಕೊಂಡಳು.

ಒಳಗೆ ಬಟ್ಟೆ ಬಿಡುವುದೇ ಅವಳ ಕಸುಬಿನ ಗುಟ್ಟು. ಎಷ್ಟೇ ತೆಳ್ಳಗಿನ ಮದುವಣಗಿತ್ತಿ ಬರಲಿ, ಹೊಲಿಗೆಯೊಳಗೆ ಎರಡಿಂಚು ಮಡಿಚಿಡುವಳು. “ಒಂದು ಬಾಣಂತನ ಆಗ್ಲಿ, ಬತ್ತೀಯ ನೋಡು” ಅನ್ನುವಳು. ಬಂದೇ ಬರುತ್ತಿದ್ದರು.

ಅವಳ ಅಂಗಡಿಯೂ ಸಂಸಾರವೂ ವೆಂಕಟರಾಮಯ್ಯನವರ ಬಾಡಿಗೆ ಮನೆಯಲ್ಲಿ. ಅವರದು ಒಂದೇ ಕಟ್ಟಳೆ: “ಗೋಡೆಗೆ ಮೊಳೆ ಹೊಡೀಬೇಡಮ್ಮ.” ಹೀಗಾಗಿ ವರ್ಷವರ್ಷವೂ ಕ್ಯಾಲೆಂಡರು ಕಿಟಕಿಯ ಸರಳಿಗೆ ಜೋತು ಗಾಳಿಗೆ ತಿಂಗಳುಗಳನ್ನು ಮಗುಚುತ್ತಿತ್ತು. ಸ್ವಂತ ಗೋಡೆಗೆ, ಯಾರನ್ನೂ ಕೇಳದೆ, ಒಂದು ಮೊಳೆ ಹೊಡೆಯಬೇಕು. ಗಂಗಾಂಬಿಕಾ ಮನೆ ಕಟ್ಟಿಸಲು ಹೊರಟದ್ದು ಇಷ್ಟಕ್ಕೇ.

ಸಿರಾದ ಮೇಸ್ತ್ರಿ ಜಹೀರ್ ಅಹಮದ್ ಹೇಳಿದ ಅಂದಾಜಿಗೆ ತನ್ನ ಪದ್ಧತಿಯಂತೆ ಒಳಗೊಂದಿಷ್ಟು ಬಿಟ್ಟುಕೊಂಡು ಬ್ಯಾಂಕಿನಲ್ಲಿ ಸಾಲ ತೆಗೆದಳು. ಎಡವಟ್ಟಾದದ್ದು ಅಲ್ಲೇ. ರವಿಕೆಯ ಲೆಕ್ಕವನ್ನೇ ಮನೆಗೂ ಹಿಡಿದಿದ್ದಳು. ಮೈ ಉಬ್ಬಲು ವರ್ಷಗಳು ಬೇಕು. ಮನೆಗೆ ವಾರ ಸಾಕು. ಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ಬಡಗಿಗೆ ಪಂಚೆ, ಶಲ್ಯ. ತಾರಸಿ ಹಾಕಿದ ದಿನ ಅಷ್ಟೂ ಆಳುಗಳಿಗೆ ಬಾಡೂಟ. ಆಮೇಲೆ ನೀರಿನ ಸಂಪು, ಮೋಟಾರು, ಕರೆಂಟಿನ ಡಿಪಾಜಿಟ್ಟು. ಇಟ್ಟಿಗೆಯ ಸಾಲು ಏರಿದಷ್ಟೂ ಸಾಲ ಏರಿತು. ಸಂಪು ಬಂದು ಸೊಂಪು ಹೋಯಿತು.

ಮಳೆನೀರು ನುಗ್ಗದಿರಲೆಂದು ಮನೆಯನ್ನು ಎದೆಮಟ್ಟ ಎತ್ತರಿಸಿದ್ದ ಮೇಸ್ತ್ರಿ ಕೊನೆಗೆ ಬಂದು ತಲೆ ಕೆರೆದ.

“ಅಮ್ಮಾ, ಮೆಟ್ಲು ಅಂದಾಜ್ನಾಗೆ ಸೇರಿಲ್ಲ.”

“ಮತ್ತೆ ಒಳಕ್ಕೆ ಹೆಂಗಯ್ಯ ಹೋಗೋದು, ಹಾರ್ಕೊಂಡಾ?”

“ಮನೆ ಕಟ್ಕೊಡು ಅಂದ್ರಿ, ಕಟ್ದೆ. ಹತ್ಸು ಅಂದ್ರಾ?”

ಗಂಗಾಂಬಿಕಾ ನಕ್ಕುಬಿಟ್ಟಳು. ಗೃಹಪ್ರವೇಶಕ್ಕೆಂದು ತೆಗೆದಿಟ್ಟಿದ್ದ ಹೊಸ ರೇಷ್ಮೆಯ ದುಡ್ಡು ಕಲ್ಲಾಗಿ, ಮೆಟ್ಟಿಲಾಗಿ ಕೂತಿತು. ಹಳೆಯ ರವಿಕೆಯನ್ನೇ ತೊಟ್ಟು ಅವನ್ನು ಹತ್ತಿದಳು. ಮುಂದಿನದನ್ನು ಕಂಕುಳೇ ಸಾರಿತು.

ಮೊಳೆಯನ್ನೂ ಸುತ್ತಿಗೆಯನ್ನೂ ಆ ದಿನವೇ ತಂದಿಟ್ಟುಕೊಂಡಿದ್ದಳು. ಆದರೆ ಗೋಡೆಯ ಬಣ್ಣ ಇನ್ನೂ ಹಸಿಯಾಗಿತ್ತು. “ಒಣಗ್ಲಿ, ನಮ್ದೇ ಅಲ್ವಾ” ಎಂದಳು, ಗೋಡೆಯನ್ನು ಮಗುವಿನ ಕೆನ್ನೆಯಂತೆ ತಟ್ಟಿ.

ಕೆಲವು ತಿಂಗಳು ಕಳೆದ ಮೇಲೆ ವನಜಾಕ್ಷಿ ರವಿಕೆ ಸಡಿಲಿಸಿಕೊಳ್ಳಲು ಅಂಗಡಿಗೆ ಬಂದರು. ಗಂಗಾಂಬಿಕಾ ಹಾಡು ಗುನುಗುತ್ತ ಹೊಲಿಗೆ ಬಿಚ್ಚುತ್ತಿದ್ದಳು.

“ಅಲ್ವೇ ಗಂಗಾ, ಸ್ವಂತ ಗೋಡೆಗೆ ಮೊಳೆ ಹೊಡ್ದಾಯ್ತಾ?”

“ಎಲ್ಲಕ್ಕ! ಕಂತು ಕಟ್ಟಕ್ಕೆ ಅಂತ ಮನೇನ ಬಾಡಿಗೆಗೆ ಕೊಟ್ಬುಟ್ಟೆ. ಒಂದೇ ಒಂದು ಮೊಳೆ ಹೊಡ್ಕೋತೀನಿ ಅಂತ ಹೋದ್ರೆ, ಗೋಡೆ ಹಾಳಾಯ್ತದೆ, ಬ್ಯಾಡ ಅಂದ್ಬುಟ್ರು ಬಾಡಿಗೆಯೋರು.”